ಕೊಕ್ಕರೆ ಉಳಿ

ಆಚಾರ್ರ ಹುಬ್ಬಿನ ನಿಜವಾದ ಬಣ್ಣ ಯಾವುದೆಂದು ಬಹಳ ವರ್ಷ ನನಗೆ ಗೊತ್ತಿರಲಿಲ್ಲ. ಹಲಸು ಕಡೆದ ದಿನ ಅರಿಶಿನ ಮೆತ್ತಿದ ಹಾಗೆ ಹಳದಿ, ಬೀಟೆ ಕಡೆದ ದಿನ ನಶ್ಯದ ಬಣ್ಣ, ಹಾಲೆಮರ ಸಿಕ್ಕಿದ ದಿನ ಹಿಟ್ಟಿನ ಗಿರಣಿಯವರ ಹುಬ್ಬಿನಂತೆ ಬಿಳಿ. ರೆಪ್ಪೆಯ ಮೇಲೂ ಪುಡಿ, ಕಿವಿಯ ಸುರುಳಿಯೊಳಗೂ ಪುಡಿ. ಲೇತು ನಿಲ್ಲಿಸಿ ಟೀಗೆ ಬಂದು ಕೂತರೆ ಮೊದಲು ಹೆಬ್ಬೆರಳಿನಿಂದ ಹುಬ್ಬು ಒರೆಸಿ, ಆ ಪುಡಿಯನ್ನು ಮೂಸಿ ನೋಡುತ್ತಿದ್ದರು. "ಇನ್ನೂ ಹಸಿ ಐತೆ, ಇನ್ನೊಂದ್ ಬ್ಯಾಸ್ಗೆ ಕಾಯ್ಬೇಕು" ಎಂದು ತಮಗೆ ತಾವೇ ಹೇಳಿಕೊಂಡು ಆಮೇಲೆ ಲೋಟಕ್ಕೆ ಕೈ ಚಾಚುತ್ತಿದ್ದರು.

ಕ್ಯಾತನಹಳ್ಳಿಯ ರಸ್ತೆ ಬದಿಯಲ್ಲಿ ಅವರದೊಂದು ತಗಡಿನ ಶೆಡ್ಡು. ಅದರೊಳಗೆ ಮರ ಕಡೆಯುವ ಲೇತು, ಕೆಟ್ಟ ಪಂಪ್‌ಸೆಟ್ಟಿನ ಮೋಟರು ಬಿಚ್ಚಿ ತಾವೇ ಕೂರಿಸಿಕೊಂಡದ್ದು. ಮಂಚದ ಕಾಲು, ತೊಟ್ಟಿಲ ಕಂಬ, ಲಟ್ಟಣಿಗೆ, ಕಡೆಗೋಲು, ಇವು ಅವರ ಕೆಲಸ. ನನ್ನದು ಪಾಂಡವಪುರದಲ್ಲಿ ಕಬ್ಬಿಣದ ಲೇತಿನ ಅಂಗಡಿ. ನಮ್ಮ ಹಿರಿಯರು ನಾಗಮಂಗಲ ಕಡೆಯ ಕಮ್ಮಾರರು, ಅಪ್ಪನ ಕಾಲದವರೆಗೂ ನೇಗಿಲ ಕುಡ, ಕುಡುಗೋಲು ತಟ್ಟಿಕೊಂಡಿದ್ದವರು. ನಾನು ಟ್ರಾಕ್ಟರಿನ, ಕಬ್ಬಿನ ಗಾಣದ ಅಚ್ಚು ಸರಿಮಾಡಿಕೊಂಡು ಬದುಕಿದವನು. ಆಚಾರ್ರಿಗೆ ಉಳಿಗಳನ್ನು ಮಾಡಿಕೊಡುವ ಕೆಲಸ ಮಾತ್ರ ಅಪ್ಪನಿಂದ ನನ್ನ ಪಾಲಿಗೆ ಬಂದಿತ್ತು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ಲಾ ಕಬ್ಬಿಣ, ತುಕ್ಕಿಡೀದೆ ಇದ್ದೀಯಾ?" ಅನ್ನುವುದೇ ಅವರ ನಮಸ್ಕಾರ.

ನಮ್ಮ ಎರಡು ಮನೆಗಳ ನಡುವೆ ಒಂದು ಪದ್ಧತಿ ಇತ್ತು. ಉಳಿಯನ್ನು ಮಾಡಿದವನೇ ಅದರಿಂದ ಮೊದಲ ಕೊಯ್ತ ಹಾಕಬೇಕು. ಬಡಗಿ ಕೈಕಟ್ಟಿ ನಿಂತು ನೋಡಿ, ಆಮೇಲೆ ಉಳಿಯನ್ನು ಕೈಗೆ ತೆಗೆದುಕೊಳ್ಳಬೇಕು. ತಪ್ಪೇನಾದರೂ ಇದ್ದರೆ ಮಾಡಿದವನಿಗೇ ಮೊದಲು ತಗಲಲಿ ಎಂಬುದು ಅದರ ಅರ್ಥವೆಂದು ಅಪ್ಪ ಹೇಳುತ್ತಿದ್ದ. ನನಗೆ ಅದು ಹಳೇ ಕಾಲದ ಶಾಸ್ತ್ರ ಅನ್ನಿಸುತ್ತಿತ್ತು. ಆಚಾರ್ರು ಮಾತ್ರ ಒಂದು ಸಣ್ಣ ಉಳಿಗೂ ಅದನ್ನು ಬಿಡುತ್ತಿರಲಿಲ್ಲ.

ಅವರು ಒಳ್ಳೆಯ ಮಾತಿನ ಮನುಷ್ಯರೇನಲ್ಲ. ಕೆಲಸ ಬಹಳ ಚೆನ್ನಾಗಿದ್ದರೆ "ಇರ್ಲಿ ಬುಡು" ಅನ್ನುತ್ತಿದ್ದರು, ಅದೇ ಹೊಗಳಿಕೆ. ಕೆಟ್ಟಿದ್ದರೆ "ಯಾರಾದ್ರೂ ನೋಡೋಕ್ ಮುಂಚೆ ಒಲೆಗಾಕು." ಮರದ ವಿಷಯದಲ್ಲಂತೂ ಅವರ ಹಟಕ್ಕೆ ಊರೇ ಬೇಸತ್ತಿತ್ತು. ತುಂಡನ್ನು ತೊಡೆಯ ಮೇಲಿಟ್ಟು ಬೆರಳ ಗೆಣ್ಣಿನಿಂದ ಬಡಿದು, ಉಗುಳು ಹಚ್ಚಿ ಉಜ್ಜಿ, ಒಳಗೆಲ್ಲಾದರೂ ಗಂಟು ಇದೆಯೇನೋ ಎಂದು ಹುಡುಕುತ್ತಿದ್ದರು. ಗಂಟಿರುವ ಮರ ಲೇತಿನ ಮೇಲೆ ಸಿಡಿಯುತ್ತದೆ. ಒಮ್ಮೆ ಮಾಕವಳ್ಳಿಯ ಯಜಮಾನರೊಬ್ಬರು, ನಮ್ಮ ಕಡೆಯೂ ಜಮೀನಿದ್ದವರು, ಮೊಮ್ಮಗುವಿನ ತೊಟ್ಟಿಲಿಗೆಂದು ತಮ್ಮ ಹಿತ್ತಲ ಮರವನ್ನೇ ಕುಯ್ಯಿಸಿ ಟ್ರಾಕ್ಟರಿನಲ್ಲಿ ತಂದಿಳಿಸಿದರು. ಆಚಾರ್ರು ಒಂದೊಂದೇ ತುಂಡು ಬಡಿದು ನೋಡಿ, "ಎಲ್ಲಾ ಗಂಟು. ಮಗೀನ್ ತೊಟ್ಲಿಗೆ ಇಂಥಾದ್ ಹಾಕಾಕಿಲ್ಲ, ತಗೊಂಡೋಗಿ" ಅಂದರು. ಯಜಮಾನರ ಮುಖ ಇಷ್ಟು ದಪ್ಪವಾಯಿತು. ಆ ಮರ ಅದೇ ಟ್ರಾಕ್ಟರಿನಲ್ಲಿ ವಾಪಸು ಹೋಯಿತು. ಆಚಾರ್ರು ಮುಟ್ಟಿದ ಮರ ಎಂದರೆ ಕಣ್ಣುಮುಚ್ಚಿ ತಗೊಳ್ಳಬಹುದು ಎಂಬ ಮಾತು ಶ್ರೀರಂಗಪಟ್ಟಣದವರೆಗೂ ಇತ್ತು. ಅವರಿಗೆ ಇದ್ದ ಆಸ್ತಿಯೆಂದರೆ ಅದೊಂದೇ ಹೆಸರು.

ಅವರ ಹೆಂಡತಿ ಕೆ.ಆರ್. ಪೇಟೆ ಕಡೆಯವರು. ಮದುವೆಯಲ್ಲಿ ತವರಿಂದ ಒಂದು ಮರದ ಕುಂಕುಮ ಭರಣಿ ತಂದಿದ್ದರಂತೆ. ಹೊಟ್ಟೆ ದಪ್ಪ, ಬಾಯಿ ಹೆಬ್ಬೆರಳು ತೂರುವಷ್ಟು, ಎಲ್ಲೂ ಕೂಡಿಸಿದ ಗುರುತಿಲ್ಲದೆ ಒಂದೇ ತುಂಡಿನಲ್ಲಿ ಕಡೆದದ್ದು. ಅದು ಗೆದ್ದಲಿಗೆ ಹೋಯಿತು. ಅಂಥದ್ದೇ ಮಾಡಿಕೊಡ್ತೀನಿ ಎಂದು ಆಚಾರ್ರು ಬಾಯಿ ತಪ್ಪಿ ಹೇಳಿಬಿಟ್ಟರು. ನೇರವಾದ ಉಳಿ ಅಷ್ಟು ಚಿಕ್ಕ ಬಾಯಲ್ಲಿ ಹೋಗಿ ಹೊಟ್ಟೆಯ ಬದಿಗೆ ತಿರುಗುವುದಿಲ್ಲವಲ್ಲ, ಅದಕ್ಕೆ ಎರಡು ಹೋಳು ಮಾಡಿ ತೋಡಿ ಅಂಟಿಸಿದರು. ಮಳೆಗಾಲಕ್ಕೆ ಅಂಟು ಬಿಟ್ಟು ಕುಂಕುಮವೆಲ್ಲ ದೇವರ ಗೂಡಿನ ಕೆಳಗೆ ಸುರಿಯಿತು. "ನಮ್ಮಪ್ಪನ ಮನೇದು ಮೂವತ್ ವರ್ಸ ಬಂತು, ಇವ್ರು ಮಾಡಿದ್ದು ಮೂರ್ ತಿಂಗ್ಳು" ಎಂದು ಆ ತಾಯಿ ನಾನು ಹೋದಾಗಲೆಲ್ಲ ಅವರಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಆಚಾರ್ರು ಮೋಟರು ಜೋರು ಮಾಡಿಕೊಳ್ಳುತ್ತಿದ್ದರು.

ಒಂದು ದಿನ ನಾನು ಫೋನಿನಲ್ಲಿ ಒಂದು ವೀಡಿಯೊ ತೋರಿಸಿದೆ. ಯಾವ ದೇಶದವನೋ ಬಾಗಿದ ಕಬ್ಬಿಣದ ಉಳಿಯೊಂದನ್ನು ಮರದ ಹೂಜಿಯ ಬಾಯೊಳಗೆ ಬಿಟ್ಟು ಒಳಗಿನ ಮರವನ್ನೆಲ್ಲ ತೋಡಿ ತೆಗೆಯುತ್ತಿದ್ದ. ಆಚಾರ್ರು ಅದನ್ನು ಎಂಟು ಸಲ ನೋಡಿದರು. ನಾಲ್ಕನೇ ಸಲದಿಂದ ಪರದೆಯನ್ನು ಬಿಟ್ಟು ಫೋನನ್ನು ಕಿವಿಗೆ ಇಟ್ಟುಕೊಂಡರು. "ಮರದ್ ಸದ್ದು ಕೇಳ್ಲಾ, ತೆಳ್ಳಗಾಯ್ತಾ ಆಯ್ತಾ ಬದ್ಲಾಯ್ತದೆ" ಅಂದರು. ಇಂಥದ್ದು ತರಿಸಬಹುದು ಎಂದೆ. ಅವರು ನೆಲದ ಮರದ ಪುಡಿಯಲ್ಲಿ ಬೆರಳಿನಿಂದ ಒಂದು ಗೆರೆ ಎಳೆದರು. "ತರ್ಸೋದ್ಯಾಕೆ? ನೆಟ್ಟಗೆ ಒಳೀಕ್ ಓಗ್ಬೇಕು, ಅಲ್ಲಿ ಬಾಗ್ಬೇಕು. ಕೊಕ್ಕರೆ ಕತ್ತಿನಂಗೆ. ನೀನ್ ಕಬ್ಬಿಣ, ನಾನ್ ಮರ. ಮಾಡಾನ."

ಹೀಗೆ ಕೊಕ್ಕರೆ ಉಳಿ ಶುರುವಾಯಿತು. ಮೊದಲನೆಯದನ್ನು ಅಂಗಡಿಯಲ್ಲಿ ಬಿದ್ದಿದ್ದ ಸಾದಾ ಸರಳಿನಲ್ಲಿ ಮಾಡಿದೆ. ಮರಕ್ಕೆ ತಾಗಿದ್ದೇ ತಡ ಗಡಗಡ ನಡುಗಿ, ಭರಣಿಯ ಬಾಯಿಯನ್ನೇ ಕಿತ್ತುಹಾಕಿತು. "ನಿನ್ ಕೊಕ್ಕರೆಗೆ ಚಳಿಜ್ವರ ಕಣ್ಲಾ" ಅಂದರು. ಎರಡನೆಯದಕ್ಕೆ ದಪ್ಪ ಸರಳು ಹಾಕಿದೆ. ಅದನ್ನು ಮೊದಲು ಹಿಡಿದವನೂ ನಾನೇ. ಮರ ತುದಿಯನ್ನು ಕಚ್ಚಿ ಹಿಡಿಯನ್ನೇ ತಿರುಚಿ ನನ್ನ ಮಣಿಕಟ್ಟಿಗೆ ಬಾರಿಸಿತು. ಒಂದು ವಾರ ಕೈ ಊದಿಕೊಂಡಿತ್ತು. ಆಚಾರ್ರು ಮೂರು ದಿನ ಅಡುಗೆಮನೆಯ ಸೌಟನ್ನು ಎರಡು ಅಂಗೈ ನಡುವೆ ಉರುಳಿಸಿಕೊಂಡು ಕೂತಿದ್ದು, ಕೊನೆಗೆ ದಾರಿ ಕಂಡರು. ಕತ್ತು ಎಷ್ಟೇ ಬಾಗಲಿ, ತುದಿ ಮತ್ತೆ ಹಿಡಿಯ ನೇರಕ್ಕೇ ಬಂದು ನಿಲ್ಲಬೇಕು, ಆಗ ಅದು ತಿರುಚುವುದಿಲ್ಲ. ಹಿಡಿ ತೋಳುದ್ದ ಇರಬೇಕು, ಕಂಕುಳಲ್ಲಿ ಅವುಚಿಕೊಳ್ಳುವ ಹಾಗೆ, ನಡುಕ ಹೀರಿಕೊಳ್ಳಲು ಒಳಗೆ ಮರಳು ತುಂಬಿದ ಕೊಳವೆ. ಓದು ಬರಹ ಹೆಚ್ಚಿಲ್ಲದ ಆ ಮನುಷ್ಯ ಸೌಟು ಹಿಡಿದು ಕಂಡುಕೊಂಡದ್ದು ಇಷ್ಟು. ನಾನು ಐಟಿಐ ಓದಿದವನು, ನನಗೆ ಹೊಳೆದಿರಲಿಲ್ಲ.

ಮೂರನೆಯದನ್ನು ಹಳೇ ಟ್ರಾಕ್ಟರಿನ ಸ್ಪ್ರಿಂಗಿನಿಂದ, ಅಪ್ಪನ ಕುಲುಮೆಯಲ್ಲೇ ಕಾಯಿಸಿ ತಟ್ಟಿದೆ. ಕತ್ತು, ತುದಿ ಎರಡೂ ಒಂದೇ ತುಂಡು. ಇನ್ನು ಉಳಿದದ್ದು ಗಟ್ಟಿ ಮಾಡುವುದು. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಅಂಥ ಕಬ್ಬಿಣ ಗಟ್ಟಿಯಾಗುತ್ತದೆ, ಜೊತೆಗೆ ಗಾಜಿನಂತೆ ಒಡೆಯುವ ಗುಣವೂ ಬರುತ್ತದೆ. ಅದಕ್ಕೇ ಅಪ್ಪ ಕುಡುಗೋಲಿನ ಬಾಯಿಯನ್ನು ಮಾತ್ರ ಅದ್ದಿ ಬೆನ್ನನ್ನು ಮೆತ್ತಗೆ ಬಿಡುತ್ತಿದ್ದ. ಕಮ್ಮಾರರ ಮನೆಯ ಮಗು ನಡೆಯುವ ಮೊದಲು ಕಲಿಯುವ ಪಾಠ ಇದು. ಆದರೆ ಅದು ಕಬ್ಬು ನುರಿಯುವ ಕಾಲ. ಗಾಣದ ಅಚ್ಚು ಮುರಿದುಕೊಂಡ ಮೂವರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಗೊಣಗುತ್ತಿದ್ದರು. ನಾನು ಇಕ್ಕಳದಲ್ಲಿ ಹಿಡಿದು ಇಡೀ ಉಳಿಯನ್ನೇ ಎಣ್ಣೆಗೆ ಬಿಟ್ಟೆ. ತೆಗೆದ ಮೇಲೆ ಅರ ಹಾಕಿ ಉಜ್ಜಿ ನೋಡಿದೆ; ಗಟ್ಟಿ ಕಬ್ಬಿಣದ ಮೇಲೆ ಅರ ಜಾರುತ್ತದೆ, ಮೆತ್ತನೆಯದನ್ನು ಕಚ್ಚುತ್ತದೆ. ತುದಿಯಲ್ಲಿ ಅರ ಜಾರಿತು, ಸರಿ. ಕತ್ತಿನ ಬಾಗಿನಲ್ಲೂ ಜಾರಿತು. ಅಲ್ಲಿ ಜಾರಬಾರದಿತ್ತು, ಕಚ್ಚಬೇಕಿತ್ತು. ಅದು ನನಗೆ ಗೊತ್ತಾಯಿತು. ಗೊತ್ತಾಗಿಯೂ, ಗಟ್ಟಿಯಾಗಿದ್ದರೆ ಒಳ್ಳೇದೇ ಅಲ್ವಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ.

ಮಾರನೆಯ ಬೆಳಿಗ್ಗೆ ಕ್ಯಾತನಹಳ್ಳಿಗೆ ಹೋದಾಗ ಆಚಾರ್ರು ಹಲಸಿನ ತುಂಡೊಂದನ್ನು ಲೇತಿಗೆ ಕಟ್ಟಿ, ಹೊರಗಿನ ಆಕಾರ ಕಡೆದು ಮುಗಿಸಿ ಕಾಯುತ್ತಿದ್ದರು. ಉಳಿಯನ್ನು ಬೆರಳ ಮೇಲೆ ತೂಗಿ ನೋಡಿ "ಇರ್ಲಿ ಬುಡು" ಅಂದರು. ನನಗೆ ಹಿಗ್ಗಾಯಿತು. ಪದ್ಧತಿಯಂತೆ ನಾನು ಕೈ ಚಾಚಿದೆ. ಅವರು ನನ್ನ ಮಣಿಕಟ್ಟನ್ನು ನೋಡಿದರು. ಊತ ಪೂರ್ತಿ ಇಳಿದಿರಲಿಲ್ಲ.

"ಬ್ಯಾಡ ಬುಡ್ಲಾ. ಒಳಗಿನ್ ಕೆಲ್ಸ, ಕಾಣಾಕಿಲ್ಲ. ಇವತ್ತೊಂದ್ ದಿನ ನಾನೇ ಮೊದ್ಲು ಹಾಕ್ತೀನಿ."

ಆಗ ಹೇಳಬಹುದಿತ್ತು. ಕತ್ತಿನಲ್ಲಿ ಅರ ಜಾರಿತು ಆಚಾರ್ರೇ, ಒಂದು ಗಳಿಗೆ ತಡೀರಿ, ಮತ್ತೆ ಕಾಯಿಸಿ ತರ್ತೀನಿ ಎಂದು ಒಂದು ಮಾತು. ಅಂಗಡಿಯಲ್ಲಿ ಜನ ಕಾಯುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, "ಇರ್ಲಿ ಬುಡು" ಅಂದದ್ದನ್ನು ವಾಪಸು ಕೊಡಲು ನನಗೆ ಮನಸ್ಸಿರಲಿಲ್ಲ. ನಾನು ಸುಮ್ಮನೆ ನಿಂತೆ. ಐದಾರು ಕೊಯ್ತ ಚೆನ್ನಾಗಿ ಹೋಯಿತು, ಭರಣಿಯ ಬಾಯಿಂದ ಹಳದಿ ಹೊಟ್ಟು ಸುರಿಯಿತು. ಅವರು ಸದ್ದು ಕೇಳಲು ಮುಖವನ್ನು ಹತ್ತಿರ ತಂದರು. ಆಗ ಟಣ್ ಎಂದಿತು. ಆಚಾರ್ರು ಕಿರುಚಲಿಲ್ಲ. ಎಡಗೈ ಚಾಚಿ ಮೊದಲು ಮೋಟರು ಆರಿಸಿದರು. ಆಮೇಲೆ ಬಲಗಣ್ಣಿನ ಮೇಲೆ ಅಂಗೈ ಒತ್ತಿಕೊಂಡು ಹೊಟ್ಟಿನ ಮೇಲೆ ಕೂತರು.

ಮೈಸೂರಿಗೆ ಆಟೋದಲ್ಲಿ ಕರೆದುಕೊಂಡು ಹೋದೆ. ಹೊರಡುವ ಮುಂಚೆ ಮುರಿದ ಉಳಿಯ ಎರಡು ಚೂರನ್ನೂ ಆರಿಸಿ ಜೇಬಿಗೆ ಹಾಕಿಕೊಂಡೆ. ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಶ್ರೀರಂಗಪಟ್ಟಣ ಹತ್ತಿರವಾಗುವಷ್ಟರಲ್ಲಿ ಅವರು ಕಣ್ಣಿಗೆ ಒತ್ತಿಕೊಂಡಿದ್ದ ಟವೆಲು ಕೆಂಪಗಾಗಿತ್ತು.

"ಎಲ್ಗ್ ಬಂದ್ವಿ?"

"ಬಾಬುರಾಯನಕೊಪ್ಪಲು."

"ನಿಂಗೇನೂ ತಗುಲ್ಲಿಲ್ವಲ್ಲಾ?"

"ಇಲ್ಲ."

ಸ್ವಲ್ಪ ದೂರ ಹೋದ ಮೇಲೆ ಅಂದರು: "ಮರದಾಗೆ ಗಂಟಿತ್ತು, ಸಿಡೀತು ಅಂತ ಏಳ್ತೀನಿ. ನೀನ್ ಬಾಯ್ ಬುಡ್ಬ್ಯಾಡ."

ನಾನು ಬಾಯಿ ಬಿಡಲಿಲ್ಲ. ಡಾಕ್ಟರು ಕೇಳಿದಾಗ ಗಂಟು ಅಂದರು, ಓಡಿ ಬಂದ ಹೆಂಡತಿಗೂ ಗಂಟು ಅಂದರು. ಬಲಗಣ್ಣು ಉಳಿಯಲಿಲ್ಲ. ಎಡಗಣ್ಣಿಗೆ ಮೊದಲೇ ಪೊರೆ ಬಂದಿತ್ತು, ಆಪರೇಷನ್ ಆದಮೇಲೂ ಎದುರಿಗಿರುವುದು ಗಂಡಸೋ ಹೆಂಗಸೋ ಅನ್ನುವಷ್ಟು ಮಾತ್ರ ಕಾಣುತ್ತಿತ್ತು.

ಊರಿಗೆ ಒಂದು ಮಾತು ಸಿಕ್ಕಿತು. ಗಂಟು ಗಂಟು ಎಂದು ಎಲ್ಲರ ಮರ ವಾಪಸು ಕಳಿಸಿದ ಆಚಾರ್ರು ಗಂಟಿನ ಮರವನ್ನೇ ಲೇತಿಗೆ ಹಾಕಿ ಕಣ್ಣು ಕಳೆದುಕೊಂಡರಂತೆ. ವಯಸ್ಸಾಯ್ತು, ಕೈ ತಪ್ಪಿತು ಎಂದರು ಕೆಲವರು. ಮೊದಲಿಂದಲೂ ಬರೀ ಜಂಬ ಎಂದರು ಇನ್ನು ಕೆಲವರು. ಮಾಕವಳ್ಳಿಯ ಯಜಮಾನರು ಗಾಣದ ಅಚ್ಚು ಹಿಡಿದುಕೊಂಡು ನನ್ನ ಅಂಗಡಿಗೇ ಬಂದು, "ನನ್ ಮರದಾಗಿನ್ ಗಂಟು ಕಂಡಿತ್ತು ಆವಯ್ಯಂಗೆ, ತನ್ ಮರದಾಗಿಂದು ಕಾಣ್ನಿಲ್ವಾ?" ಎಂದು ತೊಡೆ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. ಇದನ್ನೂ ಬರೆಯಬೇಕು, ನಾನೂ ನಕ್ಕೆ. ಆಮೇಲೆ ಅವರ ಅಚ್ಚನ್ನು ಶ್ರದ್ಧೆಯಿಂದ ಮಾಡಿಕೊಟ್ಟೆ.

ಅವರು ಆಸ್ಪತ್ರೆಯಿಂದ ಬಂದ ಮೇಲೆ ಹತ್ತು ತಿಂಗಳು ಕ್ಯಾತನಹಳ್ಳಿಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹಾಲಿನ ವ್ಯಾನಿನವನ ಬಾಯಲ್ಲಿ ಆಚಾರ್ರು ಹೇಳಿಕಳಿಸಿದ ಮಾತು ಬಂತು: "ಕೊಕ್ಕರೆ ಕತ್ ಮುರ್ಕೊಂಡು ಎಷ್ಟ್ ದಿನ ಕೂತಿರ್ತದೆ ಅಂತ ಆ ಕಬ್ಬಿಣನ ಕೇಳು." ಹೋದೆ. ಶೆಡ್ಡಿನಲ್ಲಿ ಮರದ ವಾಸನೆಯೇ ಕಮ್ಮಿಯಾಗಿತ್ತು. ಅವರು ಮಂದಲಿಗೆಯ ಮೇಲೆ ಗೋಡೆಗೊರಗಿ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೇ ಕೈ ಚಾಚಿದರು.

"ಚೂರು ತಂದಿದ್ದೀಯಾ? ಕೊಡಿಲ್ಲಿ."

ನಾನು ಆರಿಸಿಕೊಂಡದ್ದು ಅವರಿಗೆ ಗೊತ್ತಿತ್ತು. ಕೊಟ್ಟೆ. ಮುರಿದ ಮುಖ ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳಾಗಿತ್ತು. ಹೆಬ್ಬೆರಳಿನಿಂದ ಸವರಿ ನೋಡಿದರು.

"ಮೈಯೆಲ್ಲಾ ಗಟ್ಟಿ ಮಾಡ್ಬುಟ್ಟಿದ್ದೆ."

"ಊಂ."

"ಗೊತ್ತಿತ್ತಾ?"

ಹೌದು ಅಂದೆ. ಆಮೇಲೆ ಕೇಳಿದೆ, ಮತ್ಯಾಕೆ ಗಂಟು ಅಂದ್ರಿ?

"ಕಮ್ಮಾರನ್ ಉಳಿ ಕಣ್ ತೆಗೀತು ಅಂದ್ರೆ ನಾಳೆ ನಿನ್ ಅಂಗ್ಡಿ ಮೆಟ್ಲು ಯಾರ್ ಅತ್ತಾರ್ಲಾ? ನಂದೇನು, ಮುಗೀತಾ ಬಂದಿತ್ತು. ಓಗು, ಇನ್ನೊಂದ್ ಮಾಡ್ಕಂಡ್ ಬಾ. ಆಕೇಗೆ ಮಾತ್ ಕೊಟ್ಟಿವ್ನಿ."

ಇಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ.

ನಾಲ್ಕನೆಯ ಉಳಿಗೆ ಹದಿನೈದು ದಿನ ತೆಗೆದುಕೊಂಡೆ. ತುದಿಯನ್ನು ಮಾತ್ರ ಅದ್ದಿದೆ, ಕತ್ತನ್ನು ಮರಳಿನಲ್ಲಿ ಹುಗಿದು ನಿಧಾನವಾಗಿ ಆರಲು ಬಿಟ್ಟೆ. ಮೊದಲ ಕೊಯ್ತ ನಾನೇ ಹಾಕಿದೆ, ಮುಖವನ್ನು ಬೇಕೆಂದೇ ಹತ್ತಿರ ಇಟ್ಟುಕೊಂಡು. ಏನೂ ಆಗಲಿಲ್ಲ. ಆಮೇಲೆ ಆಚಾರ್ರು ಹಿಡಿ ಅವುಚಿಕೊಂಡು ನಿಂತರು. ಭರಣಿಯ ಒಳಗೆ ಕಣ್ಣಿದ್ದವರಿಗೂ ಕಾಣುವುದಿಲ್ಲ, ಅದು ಕೈ ಮತ್ತು ಕಿವಿಯ ಕೆಲಸ. ಆದರೆ ಹೊರಗಿನ ಆಕಾರಕ್ಕೆ ಕಣ್ಣು ಬೇಕು. ಮೊದಲ ಭರಣಿಯ ಹೊಟ್ಟೆ ತೂತಾಯಿತು. ಎರಡನೆಯದು ನಿಂತಿತು. ಬಾಯಿ ಓರೆ, ಒಂದು ಪಕ್ಕ ದಪ್ಪ, ಒಂದು ಪಕ್ಕ ತೆಳು. ಹಳೇ ಆಚಾರ್ರಾಗಿದ್ದರೆ ಒಲೆಗೆ ಹಾಕಿಸುತ್ತಿದ್ದರು. ಅವರು ಅದನ್ನು ಸವರಿ ಸವರಿ ಹೆಂಡತಿಯ ಕೈಗೆ ಕೊಟ್ಟರು. ಆ ತಾಯಿ ಓರೆ ಬಾಯನ್ನು ನೋಡಿದರು, ನನ್ನನ್ನು ನೋಡಿದರು. "ನಮ್ಮಪ್ಪನ ಮನೇದಕ್ಕಿಂತ್ಲೂ ಚೆಂದಾಗೈತೆ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಅವರು ಅದರಿಂದ ಕುಂಕುಮ ಇಟ್ಟುಕೊಂಡದ್ದು ಒಂದು ದೀಪಾವಳಿ, ಒಂದು ಸಂಕ್ರಾಂತಿ.

ಶಿವರಾತ್ರಿ ಕಳೆದ ಮೇಲೆ ಆಚಾರ್ರಿಗೆ ಜ್ವರ ಬಂತು. ಐದನೆಯ ದಿನ ಹೋದರು. ಮಣ್ಣಿಗೆ ಹೋಗುವಾಗ ನನ್ನ ಮುಂದೆ ನಡೆಯುತ್ತಿದ್ದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. "ಒಳ್ಳೆ ಕೆಲ್ಸಗಾರ ಕಣಯ್ಯ, ಕೊನೇಲಿ ಗಂಟು ನೋಡ್ದೆ ಕೆಟ್ಟ." ಚಟ್ಟಕ್ಕೆ ಹೆಗಲು ಕೊಟ್ಟಿದ್ದೆ, ಮಾತಾಡಲು ಬಾಯಿತ್ತು. ಆಗಲೂ ಸುಮ್ಮನಿದ್ದೆ.

ಒಂದು ತಿಂಗಳು ಕಳೆದು ಆ ತಾಯಿಯ ಮುಂದೆ ಹೋಗಿ ಕೂತೆ. ಹಣೆ ಬರಿದಾಗಿತ್ತು. ಭರಣಿಯಲ್ಲಿ ಈಗ ಲವಂಗ ಹಾಕಿಟ್ಟಿದ್ದರು. ಎಲ್ಲವನ್ನೂ ಹೇಳಿದೆ, ಎಣ್ಣೆಗೆ ಬಿಟ್ಟದ್ದು, ಅರ ಜಾರಿದ್ದು, ಜೇಬಿಗೆ ಹಾಕಿಕೊಂಡದ್ದು, ನಕ್ಕದ್ದು. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗಂಟಿರೋ ಮರವ ಅವ್ರು ಯಾವತ್ತಾದ್ರೂ ಲೇತಿಗಾಕವ್ರೇನಪ್ಪಾ? ಆಸ್ಪತ್ರೇಲಿ ಗಂಟು ಅಂದಾಗ್ಲೇ ನಂಗೊತ್ತಾಯ್ತು."

ಅವರು ಇನ್ನೊಂದು ಕಾಯಿ ಸುಲಿದರು.

"ಜನ ಆಡ್ಕೊಳ್ಳೋದು ಅವ್ರ ಕಿವಿಗ್ ಬೀಳ್ತಿತ್ತು. ಕಣ್ ಓದಾಗ್ಲೂ ಅಳ್ನಿಲ್ಲ ಕಣಪ್ಪ, ಆ ಮಾತ್ಗೆ ಅತ್ರು. ನೀನೇ ಬಂದು ಏಳ್ತೀಯ ಅಂತ ನಾನ್ ಕಾಯ್ತಿದ್ದೆ, ಅವ್ರಿರೋ ಗಂಟ." ಒಂದು ಹಿಡಿ ಕಾಳನ್ನು ಮೊರಕ್ಕೆ ಹಾಕಿದರು. "ಈಗ ನಂಗ್ ಏಳಿ ಏನ್ ಬಂತು? ನಂಗೊತ್ತಿರೋದೇ. ಗೊತ್ತಿಲ್ದೋರ್ಗೆ ಏಳೋಗು."

ಮಾಕವಳ್ಳಿಯ ಯಜಮಾನರು ಮತ್ತೆ ಅಚ್ಚು ತಂದಾಗ ಮೊದಲು ಅವರಿಗೇ ಹೇಳಿದೆ. ಈ ಸಲ ಅವರು ನಗಲಿಲ್ಲ. ಬೆಂಚಿನ ಮೇಲಿಟ್ಟಿದ್ದ ಅಚ್ಚನ್ನು ಎತ್ತಿಕೊಂಡು, "ಇದ್ನ ಶ್ರೀರಂಗಪಟ್ಟಣದಾಗೆ ಮಾಡಿಸ್ಕೋತೀನಿ ಬುಡು" ಎಂದು ಟ್ರಾಕ್ಟರು ಹತ್ತಿದರು. ಆಮೇಲೆ ಇನ್ನೂ ಕೆಲವರಿಗೆ ಹೇಳಿದೆ. ಅಂಗಡಿಯ ಬೆಂಚಿನ ಮೇಲೆ ಈಗ ಅಷ್ಟು ಜನ ಕೂರುವುದಿಲ್ಲ. ಆಚಾರ್ರು ಹೆದರಿದ್ದು ಸರಿಯೇ ಇತ್ತು.

ಪಾಂಡವಪುರ, ಕ್ಯಾತನಹಳ್ಳಿಯ ಮನೆಮನೆಗೆ ಹೋಗಿ ಹೇಳಿ ಮುಗಿಸಲು ನನಗೂ ವಯಸ್ಸಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ. ಆ ಬೆಳಿಗ್ಗೆ ಲೇತಿನ ಮೇಲಿದ್ದದ್ದು ಎರಡು ಬೇಸಿಗೆ ಒಣಗಿಸಿದ ಹಲಸಿನ ತುಂಡು. ಅವರು ಬಡಿದು, ಉಜ್ಜಿ, ನೋಡಿಯೇ ಕಟ್ಟಿದ್ದರು. ಅವರು ಆಸ್ಪತ್ರೆಯಲ್ಲಿದ್ದಾಗ ನಾನೊಬ್ಬನೇ ಹೋಗಿ ಅದನ್ನು ಕೊಡಲಿಯಿಂದ ಸೀಳಿ ನೋಡಿದೆ, ಒಂದಾದರೂ ಇರಲಿ ದೇವರೇ ಎಂದುಕೊಂಡು. ಅದರಲ್ಲಿ ಗಂಟಿರಲಿಲ್ಲ.